ಜೋತಾಡುವುದು ಒಂದೂ ಇರಬಾರದು

ದೋಣಿಯ ಎಂಜಿನ್ ನಿಂತಿದೆ. ಲಂಗರು ಇಳಿದು ಹಗ್ಗ ಬಿಗಿಯಾಗಿದೆ. ಎದುರಿಗೆ ನೇತ್ರಾಣಿ ದ್ವೀಪದ ಕಡಿದಾದ ಬಂಡೆ, ಅದರ ಮೇಲೆ ಹಸಿರು, ಹಸಿರಿನ ಮೇಲೆ ಸುತ್ತು ಹಾಕುತ್ತಿರುವ ಬಿಳಿಹೊಟ್ಟೆಯ ಕಡಲ ಗಿಡುಗ. ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ಬಂದಿದ್ದೀರಿ. ನಿಮ್ಮ ಕಾಲ ಬಳಿ ಒಂದು ಸಿಲಿಂಡರ್, ಒಂದು ಗಾಳಿ ಜಾಕೆಟ್, ನಾಲ್ಕು ಕೊಳವೆ ಚಾಚಿಕೊಂಡ ರೆಗ್ಯುಲೇಟರ್, ಸೀಸದ ತೂಕ ಪೋಣಿಸಿದ ಬೆಲ್ಟು, ಫಿನ್ನು, ಮಾಸ್ಕು ಇವೆ. ಇವಿಷ್ಟನ್ನೂ ಈಗ ನೀವೇ ಜೋಡಿಸಬೇಕು.

ಪಕ್ಕದಲ್ಲಿ ಬನಹಟ್ಟಿಯ ಗೆಳೆಯ. ಇಬ್ಬರೂ ಜಮಖಂಡಿಯಲ್ಲಿ ಗಾಡಿ ಹತ್ತಿ, ಹುಬ್ಬಳ್ಳಿ ದಾಟಿ, ಘಟ್ಟ ಇಳಿದು ಬಂದವರು. ನೀರು ನಿಮಗೆ ಹೊಸದಲ್ಲ. ಸೊಂಟಕ್ಕೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತಿದ್ದೀರಿ, ಆಮೇಲೆ ಕೃಷ್ಣೆಗೆ ಇಳಿದಿದ್ದೀರಿ. ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಕಡಲಾಳಕ್ಕೆ ಇಳಿದದ್ದನ್ನು ಕಂಡಾಗಿನಿಂದ ಇಬ್ಬರಿಗೂ ಒಂದೇ ಹಂಬಲ. ಒಂದು ಸಲ ಮುಳುಗಿ ಫೋಟೊ ತೆಗೆಸಿಕೊಂಡು ಹೋಗುವವರಿಗೆ ತರಬೇತುದಾರರೇ ಎಲ್ಲ ಜೋಡಿಸಿ ಬೆನ್ನಿಗೆ ಏರಿಸುತ್ತಾರೆ. ನೀವು ಪೂರಾ ಕೋರ್ಸಿಗೆ ಸೇರಿದ್ದೀರಿ. ಹಾಗಾಗಿ ತರಬೇತುದಾರರು ಕೈಕಟ್ಟಿ ಕೂತಿದ್ದಾರೆ.

“ನಾನು ಒಂದನ್ನೂ ಮುಟ್ಟುವುದಿಲ್ಲ ಸರ್. ನೀವು ಮಾಡಿ, ನಾನು ನೋಡ್ತೇನೆ” ಅನ್ನುತ್ತಾರೆ, ಕರಾವಳಿಯ ಮೆದು ದನಿಯಲ್ಲಿ.

ಮೊದಲು ಸಿಲಿಂಡರ್. ಭುಜದ ಮೇಲೆ ಅಚ್ಚೊತ್ತಿದ ಪರೀಕ್ಷೆಯ ತಾರೀಖನ್ನು ಓದುತ್ತೀರಿ. 11 ಲೀಟರಿನ ಈ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿಸಿದ ಗಾಳಿ ಇದೆ. ಹೊರಗೆ ಬಿಟ್ಟರೆ ಅದು 2,200 ಲೀಟರ್ ಜಾಗ ಹಿಡಿಯುತ್ತದೆ. ಗಾಳಿಗೆ ತೂಕವಿಲ್ಲ ಅಂದುಕೊಂಡವರು ಕೇಳಬೇಕು: ಇದರೊಳಗಿನ ಗಾಳಿಯೊಂದೇ ಎರಡೂವರೆ ಕಿಲೋ ತೂಗುತ್ತದೆ. ವಾಲ್ವಿನ ಬಾಯಲ್ಲಿ ಕಪ್ಪು ರಬ್ಬರಿನ ಓ-ರಿಂಗ್ ಕೂತಿದೆ. ಉಗುರಿನಿಂದ ಕೆದಕದೆ, ಬೆರಳ ತುದಿಯಲ್ಲಿ ಸವರಿ, ಬಿರುಕಿಲ್ಲ, ಮರಳಿನ ಕಣವಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತೀರಿ. ವಾಲ್ವನ್ನು ಒಂದು ಕ್ಷಣ ತೆರೆದು ಮುಚ್ಚುತ್ತೀರಿ. ಬುಸ್ಸೆಂದು ಹೊರಬಂದ ಗಾಳಿ ಬಾಯಲ್ಲಿ ನಿಂತಿದ್ದ ನೀರಹನಿಯನ್ನು ಹಾರಿಸುತ್ತದೆ. ಮೂಗು ಹತ್ತಿರ ತಂದು ನೋಡುತ್ತೀರಿ. ಒಳ್ಳೆಯ ಗಾಳಿಗೆ ಯಾವ ವಾಸನೆಯೂ ಇರುವುದಿಲ್ಲ. ಎಣ್ಣೆಯದೋ ಹೊಗೆಯದೋ ವಾಸನೆ ಬಂದರೆ ಆ ಸಿಲಿಂಡರನ್ನು ಅಲ್ಲೇ ಬಿಟ್ಟುಬಿಡಬೇಕು.

ಇನ್ನು ಜಾಕೆಟ್ಟು. ಅದರ ಹಿಂದಿನ ಪಟ್ಟಿಯನ್ನು ಕಡಲ ನೀರಲ್ಲಿ ಅದ್ದಿ ಒದ್ದೆ ಮಾಡಿಕೊಂಡೇ ಸಿಲಿಂಡರಿಗೆ ಬಿಗಿಯುತ್ತೀರಿ. ಒಣ ಪಟ್ಟಿ ನೀರು ಕುಡಿದ ಮೇಲೆ ಸಡಿಲವಾಗುತ್ತದೆ, ಸಿಲಿಂಡರ್ ಆಳದಲ್ಲಿ ಮೆಲ್ಲಗೆ ಜಾರಿ ಇಳಿಯುತ್ತದೆ. ಎತ್ತರ ಹಿಡಿಯುವುದರಲ್ಲೂ ಲೆಕ್ಕವಿದೆ. ತೀರ ಮೇಲಾದರೆ ತಲೆ ಹಿಂದಕ್ಕೆ ಬಾಗಿಸಿದಾಗ ವಾಲ್ವು ಬುರುಡೆಗೆ ಬಡಿಯುತ್ತದೆ, ತೀರ ಕೆಳಗಾದರೆ ಕಾಲಿನ ಕಡೆ ಭಾರ ಹೆಚ್ಚುತ್ತದೆ. ಬಕಲ್ ಹಾಕಿ, ಜಾಕೆಟ್ಟಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ಅಲ್ಲಾಡಿಸುತ್ತೀರಿ. ಸಿಲಿಂಡರ್ ಕದಲುವುದಿಲ್ಲ.

ಈಗ ಕೈ ರೆಗ್ಯುಲೇಟರಿನ ಕಡೆ ಹೋಗುತ್ತದೆ. ಇಡೀ ವಿದ್ಯೆ ನಿಂತಿರುವುದು ಈ ಉಪಕರಣದ ಮೇಲೆ. ಇದು ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ವಾಲ್ವಿಗೆ ಕೂರುವ ಮೊದಲ ಹಂತ 200 ಬಾರಿನ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಮಾತ್ರ ಹೆಚ್ಚಿರುವಷ್ಟಕ್ಕೆ ಇಳಿಸಿ ನಿಲ್ಲಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಎರಡನೆಯ ಹಂತ, ನೀವು ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನಷ್ಟೇ ಒತ್ತಡದ ಗಾಳಿಯನ್ನು ಕೊಡುತ್ತದೆ. 1943ರಲ್ಲಿ ಫ್ರಾನ್ಸಿನಲ್ಲಿ ಜಾಕ್ ಕುಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾಂ ಸೇರಿ ಇದನ್ನು ಬಳಕೆಗೆ ತಂದರು. ಮಹಾಯುದ್ಧದ ಕಾಲ, ಪೆಟ್ರೋಲಿಗೆ ಬರ. ಕಾರುಗಳನ್ನು ಗ್ಯಾಸಿನಲ್ಲಿ ಓಡಿಸಲೆಂದು ಗಾನ್ಯಾಂ ಮಾಡಿದ್ದ ವಾಲ್ವೇ ನೀರೊಳಗಿನ ಉಸಿರಿಗೆ ಒದಗಿತು. ಮುಧೋಳದ ನೆಲದ ಕವಿ ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ವೈಶಂಪಾಯನ ಸರೋವರದೊಳಗೆ ಅಡಗಿ ಕೂರುವುದು ಮಂತ್ರದ ಬಲದಿಂದ. ಮಂತ್ರ ಬೇಕಾಗಿದ್ದ ಆ ಜಾಗಕ್ಕೆ ಇಂದು ಅಂಗೈಯಗಲದ ಒಂದು ವಾಲ್ವು ಬಂದು ಕೂತಿದೆ.

ಮೊದಲ ಹಂತದ ಮುಚ್ಚಳ ತೆಗೆದು, ಒದ್ದೆಯಿಲ್ಲವೆಂದು ನೋಡಿ, ಓ-ರಿಂಗಿಗೆ ಸರಿಯಾಗಿ ಕೂರಿಸಿ ತಿರುಪನ್ನು ಬೆರಳಿನ ಬಲದಲ್ಲೇ ಬಿಗಿಯುತ್ತೀರಿ. ಗಾಳಿಯ ಒತ್ತಡವೇ ಅದನ್ನು ಭದ್ರ ಮಾಡುತ್ತದೆ, ಪಾನಾ ಬೇಕಿಲ್ಲ. ನಾಲ್ಕು ಕೊಳವೆಗಳಲ್ಲಿ ಎರಡು ಬಲಕ್ಕೆ: ಒಂದು ನಿಮ್ಮ ಬಾಯಿಗೆ, ಇನ್ನೊಂದು ಹಳದಿ ಬಣ್ಣದ್ದು, ಗಾಳಿ ಮುಗಿದ ಜೊತೆಗಾರನಿಗೆ ಕೊಡಲು. ಅದಕ್ಕೆ ಆಕ್ಟೋಪಸ್ ಅನ್ನುತ್ತಾರೆ. ಇನ್ನೆರಡು ಎಡಕ್ಕೆ: ಒಂದು ಜಾಕೆಟ್ಟಿಗೆ ಗಾಳಿ ತುಂಬಲು, ಮತ್ತೊಂದರ ತುದಿಯಲ್ಲಿ ಗಾಳಿ ಎಷ್ಟಿದೆಯೆಂದು ಹೇಳುವ ಗೇಜು. ಜಗತ್ತಿನ ಯಾವ ಮೂಲೆಯಲ್ಲಿ ಮುಳುಗಿದರೂ ಸಾಮಾನ್ಯವಾಗಿ ಇದೇ ಕ್ರಮ.

ಗೇಜಿನ ಗಾಜನ್ನು ಎಲ್ಲರ ಮುಖದಿಂದ ಆಚೆ ತಿರುಗಿಸಿ ಹಿಡಿದು ವಾಲ್ವು ತೆರೆಯಲು ಕೈ ಹಾಕುತ್ತೀರಿ.

“ಹಗೂರಕ ತಿರವಪಾ” ಅನ್ನುತ್ತಾನೆ ಗೆಳೆಯ.

ಮೆಲ್ಲಗೆ ತಿರುಗಿಸುತ್ತೀರಿ. ಕೊಳವೆಗಳು ಒಂದೊಂದಾಗಿ ಬಿಗಿಯಾಗುತ್ತವೆ. ವಾಲ್ವು ಪೂರ್ತಿ ತೆರೆಯಬೇಕು. ಪೂರ್ತಿ ತೆರೆದು ಸ್ವಲ್ಪ ಹಿಂದಕ್ಕೆ ತಿರುಗಿಸುವ ಹಳೆಯ ರೂಢಿಯನ್ನು ಈಗ ಅನೇಕ ತರಬೇತುದಾರರು ಬಿಡಿಸುತ್ತಿದ್ದಾರೆ, ಅದಕ್ಕೆ ಕಾರಣವಿದೆ. ಗಡಿಬಿಡಿಯಲ್ಲಿ ಯಾರೋ ವಾಲ್ವನ್ನು ಮುಚ್ಚಿ, ಅದನ್ನೇ ‘ಸ್ವಲ್ಪ ಹಿಂದಕ್ಕೆ’ ತಿರುಗಿಸಿದರೆ ಅದು ಚೂರೇ ಚೂರು ತೆರೆದಿರುತ್ತದೆ. ದೋಣಿಯ ಮೇಲೆ ಉಸಿರು ಸರಾಗವಾಗಿ ಬರುತ್ತದೆ, ಆಳಕ್ಕೆ ಹೋದಾಗ ಸಾಲದಾಗುತ್ತದೆ. ಅದಕ್ಕೇ ಗೇಜಿನ ಮೇಲೆ ಕಣ್ಣಿಟ್ಟು ನಾಲ್ಕಾರು ಸಲ ಆಳವಾಗಿ ಉಸಿರೆಳೆಯುತ್ತೀರಿ.

“ಮುಳ್ಳ ಅಲ್ಲಾಡಾಕತ್ತೈತೇನ?”

“ಇಲ್ಲೋ, 200ಕ್ಕ ನಿಂತೈತಿ.”

ಪ್ರತಿ ಉಸಿರಿಗೂ ಮುಳ್ಳು ಕೆಳಗಿಳಿದು ಮೇಲೇರಿದರೆ ವಾಲ್ವು ಅರೆ ಮುಚ್ಚಿದೆ ಎಂದರ್ಥ. ಹಳದಿ ಆಕ್ಟೋಪಸ್ಸಿನಿಂದಲೂ ಉಸಿರಾಡಿ ನೋಡುತ್ತೀರಿ, ಏಕೆಂದರೆ ಅದು ಇನ್ನೊಬ್ಬನ ಪ್ರಾಣ. ಜಾಕೆಟ್ಟಿಗೆ ಗಾಳಿ ತುಂಬಿ, ಎಲ್ಲೂ ಸೋರುತ್ತಿಲ್ಲವೆಂದು ಕಿವಿಗೊಟ್ಟು, ಮತ್ತೆ ಖಾಲಿ ಮಾಡುತ್ತೀರಿ. ಕೊನೆಗೆ ಸಿಲಿಂಡರನ್ನು ನಿಂತಲ್ಲೇ ಬಿಡದೆ ಅಡ್ಡ ಮಲಗಿಸುತ್ತೀರಿ. ಅಲೆಗೆ ದೋಣಿ ವಾಲಿದಾಗ ನಿಂತ ಸಿಲಿಂಡರ್ ಯಾರ ಕಾಲ ಮೇಲೆ ಬೀಳುತ್ತದೋ ಹೇಳಲಾಗದು.

ಜೋಡಣೆ ಮುಗಿಯಿತು ಅನ್ನಿಸುತ್ತದೆ. ತರಬೇತುದಾರರು ತಲೆಯಾಡಿಸುತ್ತಾರೆ. “ಜೋಡಿಸಿದ್ದಾಯ್ತು ಸರ್. ಇನ್ನು ಒಪ್ಪ ಮಾಡಬೇಕು. ಜೋತಾಡುವುದು ಒಂದೂ ಇರಬಾರದು.”

ಗೇಜಿನ ಕೊಳವೆ ಜಾಕೆಟ್ಟಿನಿಂದ ಒಂದು ಮೊಳ ಕೆಳಗೆ ತೂಗುತ್ತಿದೆ. ಆಕ್ಟೋಪಸ್ ಬಲ ತೊಡೆಯ ಬಳಿ ಓಲಾಡುತ್ತಿದೆ. ಗೆಳೆಯನ ಜಾಕೆಟ್ಟಿನಿಂದ ಟಾರ್ಚೊಂದು ದಾರದಲ್ಲಿ ನೇತುಬಿದ್ದಿದೆ. ಬಾವಿಗೆ ಕೊಡ ಬಿದ್ದಾಗ ನಮ್ಮೂರಲ್ಲಿ ಪಾತಾಳಗರಡಿ ಇಳಿಸುತ್ತಾರಲ್ಲ, ಸುತ್ತಲೂ ಕೊಕ್ಕೆಗಳಿರುವ ಆ ಕಬ್ಬಿಣದ ಗೊಂಚಲು ನೀರಲ್ಲಿ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತದೆ. ಹೀಗೆ ನಾಲ್ಕು ಕಡೆ ಸಾಮಾನು ಜೋತುಬಿಟ್ಟುಕೊಂಡು ಇಳಿಯುವ ಮನುಷ್ಯ ತಾನೇ ಒಂದು ಪಾತಾಳಗರಡಿಯಾಗುತ್ತಾನೆ. ಅವನು ಹಿಡಿಯುವುದು ಹರಿದ ಬಲೆಯನ್ನು, ಲಂಗರಿನ ಹಗ್ಗವನ್ನು, ಹವಳವನ್ನು.

ಗೇಜನ್ನು ಎಡ ಪಕ್ಕೆಯ ಉಂಗುರಕ್ಕೆ ಕ್ಲಿಪ್ ಹಾಕಿ ಮೈಗೆ ಒತ್ತಿ ಇಡುತ್ತೀರಿ. ಕಣ್ಣು ಮುಚ್ಚಿಕೊಂಡೇ ಎಡಗೈ ಅಲ್ಲಿಗೆ ಹೋಗುವಂತೆ ಅಭ್ಯಾಸ ಮಾಡುತ್ತೀರಿ. ಹಳದಿ ಆಕ್ಟೋಪಸ್ಸನ್ನು ಗದ್ದಕ್ಕೂ ಪಕ್ಕೆಲುಬಿನ ಎರಡು ಕೊನೆಗೂ ನಡುವಿನ ತ್ರಿಕೋನದೊಳಗೆ, ಎಳೆದರೆ ಕೂಡಲೇ ಬರುವ ಹಿಡಿಕೆಯಲ್ಲಿ ಸಿಗಿಸುತ್ತೀರಿ. ಅದನ್ನು ಗಂಟು ಹಾಕಿ ಕಟ್ಟಬಾರದು. ಜಾಕೆಟ್ಟಿನ ಗಾಳಿ ಕೊಳವೆಯನ್ನು ಎಡ ಭುಜದ ಪಟ್ಟಿಯ ಕೆಳಗೆ ತೂರಿಸುತ್ತೀರಿ. ಮಾಸ್ಕಿನ, ಫಿನ್ನಿನ ಪಟ್ಟಿಗಳ ತುದಿಗಳನ್ನು ಒಳಕ್ಕೆ ಮಡಚುತ್ತೀರಿ. ಟಾರ್ಚು ಜೇಬಿಗೆ. ಕ್ಯಾಮೆರಾ ದೋಣಿಯಲ್ಲೇ.

ಈ ಶಿಸ್ತನ್ನು ಅತಿ ಕಟ್ಟುನಿಟ್ಟಾಗಿ ಬೆಳೆಸಿದವರು ಅಮೆರಿಕದ ಫ್ಲೋರಿಡಾದಲ್ಲಿ ನೀರು ತುಂಬಿದ ಸುಣ್ಣಕಲ್ಲಿನ ಗುಹೆಗಳಿಗೆ ಇಳಿಯುತ್ತಿದ್ದವರು. ಅಲ್ಲಿ ತಲೆಯ ಮೇಲೆ ಬಂಡೆ, ನೇರ ಮೇಲೇಳುವ ದಾರಿಯೇ ಇಲ್ಲ. ವಿಲಿಯಂ ಹೊಗಾರ್ತ್ ಮೇನ್ ಎಂಬ ಗುಹೆ ಮುಳುಗುಗಾರನ ಹೆಸರಿನಿಂದ ಆ ಪದ್ಧತಿಗೆ ಹೊಗಾರ್ಥಿಯನ್ ಎಂದೇ ಹೆಸರಾಯಿತು. ಬೇಡದ್ದನ್ನು ಒಯ್ಯಬೇಡ, ಒಯ್ದದ್ದನ್ನು ಮೈಗೆ ಅಂಟಿಸಿಕೊ, ಪ್ರತಿಯೊಂದೂ ಪ್ರತಿ ಸಲ ಅದೇ ಜಾಗದಲ್ಲಿರಲಿ: ಅದರ ತಿರುಳು ಇಷ್ಟೇ. ಅವರು ಬಾಯಲ್ಲಿರುವ ರೆಗ್ಯುಲೇಟರಿಗೇ ಸುಮಾರು 2 ಮೀಟರ್ ಉದ್ದದ ಕೊಳವೆ ಹಾಕಿಕೊಂಡು, ಇನ್ನೊಂದನ್ನು ರಬ್ಬರ್ ದಾರದಲ್ಲಿ ಕತ್ತಿನ ಕೆಳಗೇ ಇಟ್ಟುಕೊಳ್ಳುತ್ತಾರೆ. ಉಸಿರು ಕಟ್ಟಿದವನು ಗಾಬರಿಯಲ್ಲಿ ಎದುರಿನವನ ಬಾಯಲ್ಲಿರುವುದಕ್ಕೇ ಕೈ ಹಾಕುತ್ತಾನೆಂಬ ಅನುಭವದಿಂದ ಬಂದ ಏರ್ಪಾಡು ಅದು.

ತೂಕದ ಬೆಲ್ಟಿನ ಸರದಿ. ಕೃಷ್ಣೆಯ ಈಜುಗಾರರಿಗೆ ಇಲ್ಲೊಂದು ಹೊಸ ಪಾಠ. ಕಡಲ ನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಭಾರ, ಅಷ್ಟೇ ಹೆಚ್ಚು ಬಲದಿಂದ ನಿಮ್ಮನ್ನು ಮೇಲಕ್ಕೆ ತಳ್ಳುತ್ತದೆ. ಮೈಯೂ ಸಾಮಾನೂ ಸೇರಿ 100 ಕಿಲೋ ಇದ್ದರೆ, ಹೊಳೆಯಲ್ಲಿ ಸಾಕಾದದ್ದಕ್ಕಿಂತ ಎರಡೂವರೆ ಕಿಲೋ ಸೀಸ ಇಲ್ಲಿ ಹೆಚ್ಚು ಬೇಕು. ಹಾಗೆಂದು ಕಂಡಾಪಟ್ಟೆ ಸೀಸ ಕಟ್ಟಿಕೊಂಡರೆ, ಆ ಭಾರ ಸರಿದೂಗಿಸಲು ಜಾಕೆಟ್ಟಿಗೆ ಹೆಚ್ಚು ಗಾಳಿ ತುಂಬಬೇಕಾಗುತ್ತದೆ. ಆಗ ಎದೆ ಮೇಲಕ್ಕೆ, ಸೊಂಟ ಕೆಳಕ್ಕೆ. ಮಲಗಿ ಸಾಗಬೇಕಾದವನು ನಿಂತು ಸಾಗುತ್ತಾನೆ. ನೀರಿನ ತಡೆ ವೇಗದ ವರ್ಗದಂತೆ ಏರುತ್ತದೆ: ಎರಡು ಪಟ್ಟು ವೇಗಕ್ಕೆ ನಾಲ್ಕು ಪಟ್ಟು ತಡೆ. ನೀರಿಗೆ ಒಡ್ಡಿದ ಮೈ ದೊಡ್ಡದಾದಷ್ಟೂ ಶ್ರಮ ಹೆಚ್ಚು, ಶ್ರಮ ಹೆಚ್ಚಾದಷ್ಟೂ ಗಾಳಿ ಬೇಗ ಮುಗಿಯುತ್ತದೆ.

ಹೊತ್ತುಕೊಂಡಾಯಿತು. ಈಗ ಒಬ್ಬರು ಇನ್ನೊಬ್ಬರ ಸೆಟ್ಟನ್ನು ತಡವಿ ನೋಡಬೇಕು. ಜಾಕೆಟ್ಟು, ತೂಕ, ಬಕಲ್ಲುಗಳು, ಗಾಳಿ, ಕೊನೆಗೊಂದು ಪೂರ್ತಿ ನೋಟ. ಗೆಳೆಯನ ಬೆಲ್ಟು ಬಲಗೈಯ ಒಂದೇ ಎಳೆತಕ್ಕೆ ಬಿಚ್ಚುತ್ತದೆಯೇ ಎಂದು ನೀವು ನೋಡುತ್ತೀರಿ. ನಿಮ್ಮ ಆಕ್ಟೋಪಸ್ ಎಲ್ಲಿದೆಯೆಂದು ಅವನು ಮುಟ್ಟಿ ತಿಳಿದುಕೊಳ್ಳುತ್ತಾನೆ.

“ಎಲ್ಲಾ ಬರೋಬರಿ ಐತಿ. ಇಳಿಯೂನಾ?”

ದೋಣಿಯ ಅಂಚಿನಲ್ಲಿ ಕೂತು, ಒಂದು ಕೈಯಲ್ಲಿ ಮಾಸ್ಕನ್ನೂ ರೆಗ್ಯುಲೇಟರನ್ನೂ ಒತ್ತಿ ಹಿಡಿದು ಬೆನ್ನ ಮೇಲೆ ಉರುಳುತ್ತೀರಿ. ಆಕಾಶ, ನೊರೆ, ನೀಲಿ. ಜಾಕೆಟ್ಟಿನ ಗಾಳಿ ಬಿಡುತ್ತಿದ್ದಂತೆ ಇಳಿಯತೊಡಗುತ್ತೀರಿ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುತ್ತೀರಿ, ಒಂದು ಮೀಟರ್ ಇಳಿದು ಮತ್ತೆ ಊದುತ್ತೀರಿ. ತೋಟದ ಬಾವಿಯಲ್ಲಿ ಕೈಯ ಬೆರಳೂ ಕಾಣುತ್ತಿರಲಿಲ್ಲ. ಇಲ್ಲಿ ಕೆಳಗಿನ ಬಂಡೆ, ಬಂಡೆಗೆ ಹತ್ತಿದ ಹವಳ, ಹವಳ ಕೊರೆಯುತ್ತಿರುವ ಗಿಳಿಮೀನು ಎಲ್ಲವೂ ನಿಚ್ಚಳ.

10 ಮೀಟರ್. ಇಲ್ಲಿ ಒತ್ತಡ ದಡದ ಎರಡರಷ್ಟು. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುವವರು ಇಲ್ಲಿ 40 ಲೀಟರಿನಷ್ಟು ಬಳಸುತ್ತೀರಿ. ಕೊನೆಯ 50 ಬಾರನ್ನು ಮುಟ್ಟದೆ ಉಳಿಸಬೇಕು. ಉಳಿದ 150 ಬಾರ್ ಅಂದರೆ 1,650 ಲೀಟರ್, ಸುಮಾರು 40 ನಿಮಿಷ. ಎಡಗೈ ತಾನಾಗಿ ಪಕ್ಕೆಗೆ ಹೋಗುತ್ತದೆ, ಗೇಜು ಇಟ್ಟಲ್ಲೇ ಇದೆ. ಹುಡುಕಬೇಕಿಲ್ಲ, ಮೈ ತಿರುಗಿಸಬೇಕಿಲ್ಲ. ಬಂಡೆಯ ಅಂಚಿನ ಮೇಲೆ ಮಲಗಿದಂತೆ ಸಾಗುತ್ತೀರಿ, ಹೊಟ್ಟೆಗೂ ಹವಳಕ್ಕೂ ನಡುವೆ ಒಂದೂವರೆ ಮೊಳ ನೀರು. ಗುಂಡು ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ತೂಗಾಡುವ ಗೇಜೊಂದು ಒಮ್ಮೆ ಎಳೆದುಹೋದರೆ ಹತ್ತಾರು ವರ್ಷದ ಬೆಳವಣಿಗೆ ಮುರಿದು ಬೀಳುತ್ತದೆ. ನಮ್ಮ ಕಾನೂನು ಈ ಹವಳಗಳಿಗೆ ಹುಲಿಗೆ ಕೊಟ್ಟ ರಕ್ಷಣೆಯನ್ನೇ ಕೊಟ್ಟಿದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿ.

ತರಬೇತುದಾರರು ಕೈಸನ್ನೆ ಮಾಡುತ್ತಾರೆ. ಗೆಳೆಯ ಅಂಗೈಯನ್ನು ಕತ್ತಿಗೆ ಅಡ್ಡಲಾಗಿ ಎಳೆದು ತೋರಿಸುತ್ತಾನೆ: ಗಾಳಿ ಮುಗಿದಿದೆ. ಇದು ಅಭ್ಯಾಸ, ಆದರೂ ಅವನು ರೆಗ್ಯುಲೇಟರನ್ನು ಬಾಯಿಂದ ತೆಗೆದಿದ್ದಾನೆ. ತುಟಿಯಂಚಿನಲ್ಲಿ ಗುಳ್ಳೆಗಳು ಸಣ್ಣಗೆ ಹೊರಡುತ್ತಿವೆ. ನಿಮ್ಮ ಬಲಗೈ ಎದೆಯ ಮೇಲಿನ ತ್ರಿಕೋನಕ್ಕೆ ಹೋಗುತ್ತದೆ, ಹಳದಿ ಆಕ್ಟೋಪಸ್ ಒಂದೇ ಎಳೆತಕ್ಕೆ ಬರುತ್ತದೆ, ಅವನ ಬಾಯಿಗೆ ಸೇರುತ್ತದೆ. ಒಬ್ಬರ ಮುಂಗೈಯನ್ನು ಒಬ್ಬರು ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಉಸಿರಾಡುತ್ತೀರಿ. ದೋಣಿಯ ಮೇಲೆ ಒಂದು ಕ್ಲಿಪ್ಪಿಗೆ, ಒಂದು ಪಟ್ಟಿಯ ತುದಿಗೆ ಅಷ್ಟು ಹೊತ್ತು ಯಾಕೆ ಕೊಟ್ಟಿರಿ ಎಂಬುದು ಇಲ್ಲಿ ಅರ್ಥವಾಗುತ್ತದೆ.

ಮೇಲೇರುವಾಗ ನಿಮಿಷಕ್ಕೆ 9 ಮೀಟರಿಗಿಂತ ವೇಗ ಸಲ್ಲದು. ಉಸಿರನ್ನು ಎಂದೂ ಕಟ್ಟಬಾರದು, ಏಕೆಂದರೆ ಏರಿದಂತೆ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ. 5 ಮೀಟರಿನಲ್ಲಿ 3 ನಿಮಿಷ ನಿಂತು, ರಕ್ತದಲ್ಲಿ ಕರಗಿದ ಸಾರಜನಕಕ್ಕೆ ಹೊರಹೋಗಲು ಸಮಯ ಕೊಟ್ಟು, ಬಿಸಿಲಿಗೆ ತಲೆ ಎತ್ತುತ್ತೀರಿ.

ದಡಕ್ಕೆ ಬಂದ ಮೇಲೂ ಕೆಲಸವಿದೆ. ಮೊದಲ ಹಂತದ ಮುಚ್ಚಳವನ್ನು ಒರೆಸಿ ಭದ್ರವಾಗಿ ಹಾಕಿಯೇ ಸಿಹಿನೀರಲ್ಲಿ ಅದ್ದಬೇಕು. ಅದ್ದಿದಾಗ ರೆಗ್ಯುಲೇಟರಿನ ಗುಂಡಿ ಒತ್ತಬಾರದು, ಒತ್ತಿದರೆ ನೀರು ಕೊಳವೆಯೊಳಗೆ ಹೋಗುತ್ತದೆ. ಜಾಕೆಟ್ಟಿನ ಒಳಗೂ ಸಿಹಿನೀರು ಹಾಕಿ ಕುಲುಕಿ ಚೆಲ್ಲಬೇಕು, ನೆರಳಲ್ಲಿ ಒಣಗಿಸಬೇಕು. ಅದೇ ಸಂಜೆ ಊರಿಗೆ ಹೊರಡುವ ಅವಸರವೂ ಬೇಡ. ಹುಬ್ಬಳ್ಳಿಯ ಹಾದಿ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಕ್ಕೆ ಏರುತ್ತದೆ. ಏರಿದಂತೆ ಗಾಳಿಯ ಒತ್ತಡ ತಗ್ಗಿ ಉಳಿದ ಸಾರಜನಕ ಗುಳ್ಳೆಯಾಗುವ ಅಪಾಯವಿದೆ. ರಾತ್ರಿ ಮುರುಡೇಶ್ವರದಲ್ಲೇ ಉಳಿದು ಮರುದಿನ ಹೊರಡುವುದು ಕ್ಷೇಮ.

ನಿಮ್ಮ ಊರ ನೀರಿಗೆ ಇದೇ ವಿದ್ಯೆಯನ್ನು ಒಯ್ಯಬೇಕೆಂದರೆ ಇನ್ನೂ ಕಠಿಣವಾಗಿ ಕಲಿಯಬೇಕು. ನಮ್ಮ ನಾಲ್ಕು ತಾಲೂಕುಗಳಲ್ಲಿ ಜಮಖಂಡಿಗೂ ರಬಕವಿಗೂ ಕೃಷ್ಣೆ, ಮುಧೋಳಕ್ಕೆ ಘಟಪ್ರಭೆ, ಬೀಳಗಿಗೆ ಎರಡೂ. ಆಲಮಟ್ಟಿ ಹಿನ್ನೀರಿನ ಪೂರ್ಣ ಮಟ್ಟ 519.60 ಮೀಟರ್. 300 ಮೀಟರ್ ದಾಟಿದ ಎತ್ತರದಲ್ಲಿ ಮುಳುಗುವಾಗ ಕಡಲಿನ ಲೆಕ್ಕ ನಡೆಯದು, ಆಳದ, ಸಮಯದ ಮಿತಿಗಳನ್ನು ತಿದ್ದಿಕೊಳ್ಳಬೇಕು. ನೀರು ಕೆಂಪು, ಕಣ್ಣಿಗೆ ಏನೂ ಕಾಣದು. ಮುಳುಗಿದ ಜಾಲಿ ಮರ, ಪಂಪ್‌ಸೆಟ್ಟಿನ ಪೈಪು, ಬಲೆ, ಅಂತರಗಂಗೆ ಎಲ್ಲವೂ ಜೋತಾಡುವ ಪಟ್ಟಿಗಾಗಿ ಕಾದಿರುತ್ತವೆ. ಹಿಪ್ಪರಗಿ, ಚಿಕ್ಕಪಡಸಲಗಿ ಬ್ಯಾರೇಜುಗಳ ಗೇಟಿನ ಬಳಿ ನೀರಿನ ಸೆಳೆತ ಮನುಷ್ಯನನ್ನು ಹಿಡಿದರೆ ಬಿಡುವುದಿಲ್ಲ. ಅಂಥಲ್ಲಿ ಮುಖ ಪೂರ್ತಿ ಮುಚ್ಚುವ ಮಾಸ್ಕು, ದಡದವನ ಕೈಯಲ್ಲಿ ತುದಿಯಿರುವ ಹಗ್ಗ, ಕತ್ತರಿಸಲು ಎರಡು ಸಾಧನ, ಪ್ರತ್ಯೇಕ ಸಣ್ಣ ಸಿಲಿಂಡರ್, ಇಳಿಯಲು ಸಿದ್ಧನಾಗಿ ನಿಂತ ಇನ್ನೊಬ್ಬ ಇರಬೇಕು. ನೇತ್ರಾಣಿಯಲ್ಲಿ ಸಿಕ್ಕ ಪ್ರಮಾಣಪತ್ರ ಆ ನೀರಿಗೆ ಪರವಾನಗಿಯಲ್ಲ.

ಆದರೂ ಆ ನೀರಿಗೆ ಇಳಿಯುವವರು ಇದ್ದಾರೆ. ಯಾರಾದರೂ ಹೊಳೆ ಪಾಲಾದರೆ ಊರು ಮೊದಲು ಕೂಗಿ ಕರೆಯುವುದು ಅಂಬಿಗರನ್ನು, ಮೀನುಗಾರರನ್ನು. ಅವರು ಬರಿ ಉಸಿರು ಕಟ್ಟಿ, ಕೈಯಲ್ಲಿ ತಡವುತ್ತ ಹುಡುಕುತ್ತಾರೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಈ ತಾಲೂಕುಗಳ ಊರೂರುಗಳು ನೀರಲ್ಲಿ ನಿಂತದ್ದನ್ನು ಯಾರೂ ಮರೆತಿಲ್ಲ. ಈ ಅಂಬಿಗರ, ಮೀನುಗಾರರ ಧೈರ್ಯಕ್ಕೆ ತಕ್ಕ ಸಾಧನವನ್ನೂ ತರಬೇತಿಯನ್ನೂ ನಾವು ಕೊಟ್ಟಿಲ್ಲ. ಜಿಲ್ಲಾಡಳಿತ, ಅಗ್ನಿಶಾಮಕ ಠಾಣೆಗಳು, ಸಕ್ಕರೆ ಕಾರ್ಖಾನೆಗಳು ಮನಸ್ಸು ಮಾಡಿದರೆ ನಾಲ್ಕೂ ತಾಲೂಕುಗಳಲ್ಲಿ ಹೊಳೆಯ ಮಕ್ಕಳ ಒಂದೊಂದು ತಂಡವನ್ನು ಶಾಸ್ತ್ರೋಕ್ತವಾಗಿ ಸಜ್ಜುಗೊಳಿಸಬಹುದು. ಅದನ್ನು ಕೇಳಿ ಪಡೆಯೋಣ. ಅಲ್ಲಿಯವರೆಗೆ, ಮುಳುಗಲು ಹೋಗುವ ನಮ್ಮ ಭಾಗದ ಪ್ರತಿಯೊಬ್ಬರಲ್ಲಿ ಒಂದೇ ಬಿನ್ನಹ: ಇನ್ನೊಬ್ಬರು ಜೋಡಿಸಿಕೊಟ್ಟದ್ದನ್ನು ಹೊತ್ತು ಇಳಿಯಬೇಡಿ. ನಿಮ್ಮ ಸೆಟ್ಟನ್ನು ನೀವೇ ಜೋಡಿಸಲು ಕಲಿಯಿರಿ, ಜೊತೆಗಾರನದನ್ನು ತಡವಿ ನೋಡಿ, ಬೇಡದ್ದನ್ನು ದಡದಲ್ಲಿ ಬಿಟ್ಟು ನೀರಿಗಿಳಿಯಿರಿ.